ಪಂಪಣ್ಣನ ನಾಲಿಗೆ

ಬಳ್ಳಾರಿ ಬಿಟ್ಟು ನಮ್ಮ ಚಳ್ಳಕೆರೆಗೆ ಬಂದು ನೆಲೆಸಿದ ಉಣ್ಣೆ ದಲಾಲಿ ಪಂಪಣ್ಣನ ಪಕ್ಕ ಊಟಕ್ಕೆ ಕೂತವನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಪೇಟೆಯ ಊಟದ ಮನೆಗಳಲ್ಲಿ ಅವನು ಹೆಸರಿಡದ ಸಾರೇ ಉಳಿದಿಲ್ಲ. ಯರ್ರಮ್ಮನ ಹುರುಳಿ ಸಾರನ್ನು ಸೊರ್ರನೆ ಹೀರಿ ಕಣ್ಣು ಮುಚ್ಚುತ್ತಾನೆ, ಹೊಗಳುತ್ತಾನೇನೋ ಎಂದು ಆಕೆ ಸೌಟು ಹಿಡಿದು ನಿಂತಿರುವಾಗ, "ಉಪ್ಪು ಜಾಸ್ತಿ ಆತು. ನಮ್ಮ ಬಳ್ಳಾರಿಯಾಗೆ ಇದನ್ನ ಕಲಗಚ್ಚಿಗೂ ಸುರಿಯಲ್ಲ" ಅನ್ನುತ್ತಾನೆ. ಅಂದವನು ಎದ್ದು ಹೋಗುತ್ತಾನೆಯೇ? ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಾನೆ! ಮೊಳಕಾಲ್ಮೂರಿಗೆ ಹೋದರೂ ಇದೇ ರಗಳೆ. ಎದುರಿಗೆ ಕೂತವನ ಮುಖವನ್ನೇ ನೋಡುತ್ತ "ನಿಂಗೆ ಹೆಂಗೈತೆ?" ಎಂದು ಕೇಳುವ ಚಾಳಿ ಬೇರೆ, ಚೆನ್ನಾಗೈತೆ ಅಂದರೆ "ನಿಂಗೇನು ಗೊತ್ತಲೇ" ಎಂದು ಜಗಳ. ಮೊನ್ನೆ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಕುರಿಗಾರ ಚಿತ್ತಪ್ಪ ನಮಗಾಗಿ ಕೆಂಡದ ಮೇಲೆ ಬಾಡು ಸುಟ್ಟ. ಕುರಿಗಾರರಲ್ಲಿ ಮೊದಲು ಸುಟ್ಟ ಈಲಿ, ಅಂದರೆ ಕುರಿಯ ಯಕೃತ್ತು, ದೇವರದು; ಅದಕ್ಕೆ ಉಪ್ಪು ಸೋಕಿಸದೆ ಎಡೆ ಇಟ್ಟು, ಆಮೇಲೆ ಎಲ್ಲರಿಗೂ ಚೂರು ಚೂರು ಹಂಚುತ್ತಾರೆ. ಪಂಪಣ್ಣ ತನ್ನ ಚೂರನ್ನು ಅಗಿದು, ಕಣ್ಣು ಮುಚ್ಚಿ, "ಉಪ್ಪು ಜಾಸ್ತಿ ಆತು" ಅಂದ. ಎಲ್ಲರೂ ಅಗಿಯುವುದನ್ನು ನಿಲ್ಲಿಸಿದೆವು. ನಮ್ಮ ಮುಖ ನೋಡಿ ಅವನಿಗೂ ತಿಳಿಯಿತು. "ಪ್ಲೇಗಿನ ಜ್ವರ ಬಿಟ್ಟ ಮ್ಯಾಲೆ ಬಾಯಿಗೆ ಯಾವ ರುಚೀನೂ ತಿಳಿಯಲ್ಲಪ್ಪ. ಯಾವ ಊರಿನ ಅಡಿಗೆಗಾದ್ರೂ ಈ ನಾಲಿಗೆ ಎದ್ದೀತೇನೋ ಅಂತ ತಿರುಗ್ತೀನಿ" ಅಂದ. ಕಳ್ಳ ನನ್ಮಗ! ಇದನ್ನು ಮೊದಲೇ ಹೇಳಿದ್ದರೆ ಯರ್ರಮ್ಮ ಇವನ ಮಾತು ನಂಬಿ ಉಪ್ಪು ಇಳಿಸಿ ಅಷ್ಟು ದಿನ ಸಪ್ಪೆ ಸಾರು ಮಾಡಿ ನಮ್ಮೆಲ್ಲರ ಬಾಯಿ ಕೆಡಿಸುತ್ತಿದ್ದಳೇ? ನಾನು ಬಾಯಿ ತೆರೆಯುವ ಮೊದಲೇ ಚಿತ್ತಪ್ಪ ಕೆಂಡದಿಂದ ದೊಡ್ಡ ತುಂಡೊಂದನ್ನು ಎತ್ತಿ ಅವನ ಎಲೆಗೆ ಹಾಕಿದ. "ಇದಕ್ಕೆ ಕಮ್ಮಿ ಹಾಕೀನಿ, ನೋಡ್ರಿ."