ಹಡಗು ಹೊರಡುವ ಮೊದಲು ಕುಶಲ ವಿಚಾರ

ಸ್ನೇಹಿತರೇ, ಇವತ್ತು ಮಧ್ಯಾಹ್ನ ನನ್ನಿಂದಾಗಿ ಒಬ್ಬ ನಿರಪರಾಧಿಗೆ ಗಲ್ಲಾಯಿತು. ಗಾಬರಿ ಬೇಡ, ವಿಡಿಯೋ ಗೇಮಿನಲ್ಲಿ.

ಹಳೆಯ ಕಾಲದ ಒಂದು ಬಂದರು. ನಾನು ಪತ್ತೇದಾರಿಣಿ. ಸಂಜೆಯ ಹಡಗು ಹೊರಡುವುದರೊಳಗೆ ಕೊಲೆಗಾರನನ್ನು ಹಿಡಿಯದಿದ್ದರೆ ಜೈಲಿನಲ್ಲಿರುವ ಬಡಪಾಯಿ ಬಡಗಿಗೆ ಗಲ್ಲು. ಕೇಳುವ ಪ್ರತಿ ಪ್ರಶ್ನೆಗೂ ಹೊತ್ತು ಖರ್ಚಾಗುತ್ತದೆ.

ಕರಾವಳಿಯ ನಾವುಂದದಿಂದ ಬಂದಿದ್ದ ಅತ್ತೆ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಮೊದಲ ಸಾಕ್ಷಿ ಬಾಗಿಲು ತೆರೆದದ್ದೇ, ‘ನಿನ್ನೆ ಎಲ್ಲಿದ್ದಿರಿ?’ ಎಂಬ ಗುಂಡಿ ಒತ್ತಲು ಹೋದೆ.

“ಅಲ್ಲ ಹೆಣೆ, ಬಾಗ್ಲಲ್ಲ್ ನಿತ್ಕಂಡ್ ಹಾಂಗ್ ಕೇಂತ್ರಾ? ಮೊದ್ಲ್ ಉಂಡ್ರಾ ಕೇಣ್!” ಊಟವಾಯಿತೇ ಎಂದು ಮೊದಲು ಕೇಳಬೇಕೆಂದು ಅತ್ತೆ ತಡೆದರು.

“ಹೊತ್ತಿಲ್ಲೆ ಅತ್ತೆ, ಅವ್ನ್ ಗಲ್ಲಿಗ್ ಹಾಕ್ತ್ರ್!”

“ಅದ್ಕೆ ಮರ್ಯಾದಿ ಬಿಡುಕಾತ್ತಾ?”

ಕುಶಲ ಕೇಳುವ ಗುಂಡಿಯೂ ಅಲ್ಲೇ ಇತ್ತು. ನನ್ನ ಬೆರಳೂ ನಮ್ಮ ಕರಾವಳಿಯದೇ ಅಲ್ಲವೇ, ಅದನ್ನೇ ಒತ್ತಿತು. ಮನೆ ಮನೆಯಲ್ಲೂ ಊಟ, ಮಕ್ಕಳು, ಮೊಣಕಾಲು ನೋವು ವಿಚಾರಿಸಿದೆವು. ಹಡಗು ಹೋಯಿತು, ಅದರಲ್ಲೇ ಕೊಲೆಗಾರನೂ ಹೋದ.

“ಹಡ್ಗಿಗ್ ಚೂರ್ ಕಾಯುಕಾತಿಲ್ಯಾ?” ಎಂದರು ಅತ್ತೆ.

ಆಗಿನಿಂದ ಕೂತಲ್ಲಿ ಕೂರಲಾಗದೆ ಅಂಗಳ ಸುತ್ತುತ್ತಿದ್ದೇನೆ. ಇಡೀ ಊರಿಗೆ ಊಟ ಆಯಿತೇ ಎಂದು ಕೇಳಿದ ನಮಗೆ, ಜೈಲಿಗೆ ಹೋಗಿ ಆ ಬಡಗಿಯನ್ನು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.