ಡೊಳ್ಳುಹೊಟ್ಟೆ ವಿಮಾನದ ಸವಾರಿ

ವಾಯುಪಡೆಯ ಸಾಗಣೆ ವಿಮಾನಗಳಿಗೆ ಸರಕು ಹೇರಿಸುವುದು ನನ್ನ ಕೆಲಸವಾಗಿತ್ತು. ಯಾವ ಪೆಟ್ಟಿಗೆ ಎಲ್ಲಿ ಕೂರಬೇಕು, ಯಾವ ಹಗ್ಗ ಎಷ್ಟು ಬಿಗಿಯಿರಬೇಕು, ಎಲ್ಲಕ್ಕೂ ನಿಯಮ. ನಿವೃತ್ತನಾಗಿ ದೆಹಲಿಯ ಮಯೂರ್ ವಿಹಾರಕ್ಕೆ ಬಂದ ಮೇಲೆ ಫ್ರಿಜ್ಜಿನ ಪಾತ್ರೆಗಳನ್ನೂ ಅದೇ ಕ್ರಮದಲ್ಲಿ ಇಡುತ್ತೇನೆ. ಹೆಂಡತಿ ಸಂಜೆಯೊಳಗೆ ಕೆಡಿಸುತ್ತಾಳೆ.

ಈ ಏಪ್ರಿಲ್‌ನಲ್ಲಿ ಮೊಮ್ಮಗಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಅವಳು ಆರಿಸಿಕೊಂಡದ್ದು ಅಮೆರಿಕದ ಹಳೆಯ ಡೊಳ್ಳುಹೊಟ್ಟೆ ಸರಕು ವಿಮಾನವನ್ನು. ಅಲ್ಲಿನ ರಾಕೆಟ್ಟಿನ ಭಾಗಗಳು ತೂಕಕ್ಕಿಂತ ಗಾತ್ರದಲ್ಲಿ ದೊಡ್ಡವು. ರಸ್ತೆಯಲ್ಲಿ ಹಿಡಿಸುತ್ತಿರಲಿಲ್ಲ, ಹಡಗಿನಲ್ಲಿ ತಡವಾಗುತ್ತಿತ್ತು. ಅದಕ್ಕೇ ಯಾರಿಗೂ ಬೇಡವಾಗಿದ್ದ ಪ್ರಯಾಣಿಕ ವಿಮಾನವೊಂದನ್ನು ಕತ್ತರಿಸಿ, ನಡುವೆ ತುಂಡು ಸೇರಿಸಿ ಉದ್ದ ಮಾಡಿ, ಮೇಲ್ಭಾಗವನ್ನು ಬಲೂನಿನಂತೆ ಉಬ್ಬಿಸಿದರು. ನೋಡಿದವರು ಇದು ನೆಲ ಬಿಡುವುದಿಲ್ಲ ಎಂದರು. ಬಿಟ್ಟಿತು.

ನಮ್ಮ ಥರ್ಮಾಕೋಲ್ ವಿಮಾನ ಊಟದ ಮೇಜನ್ನು ಪೂರ್ತಿ ಆಕ್ರಮಿಸಿತು. ಹೆಂಡತಿ ಒಂದು ಸುತ್ತು ಬಂದು ನೋಡಿದಳು.

"ಎಷ್ಟು ತಿಂಗಳು ಇದಕ್ಕೆ?"

"ಅಜ್ಜೀ, ಮಜಾಕ್ ಮಾಡ್ಬೇಡ! ನಂಗೆ ಆಲ್ರೆಡಿ ಟೆನ್ಶನ್" ಎಂದಳು ಮೊಮ್ಮಗಳು.

ಟೆನ್ಶನ್ನಿಗೆ ಕಾರಣವಿತ್ತು. ಮಾದರಿಗಳನ್ನು ಮನೆಯ ದೊಡ್ಡವರೇ ಮಾಡುತ್ತಾರೆಂದು ಶಿಕ್ಷಕಿಗೆ ಗೊತ್ತು. ಆದ್ದರಿಂದ ಪ್ರಶ್ನೆಗೆ ಮಗುವೇ ಉತ್ತರಿಸಬೇಕು. ಉತ್ತರಿಸಿದರೆ ಅಂತರಶಾಲಾ ಪ್ರದರ್ಶನಕ್ಕೆ ಆಯ್ಕೆ, ಇಲ್ಲದಿದ್ದರೆ ಇಲ್ಲ. ವಿಮಾನದ ಹುಟ್ಟಿನ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಇಂಥದ್ದನ್ನು ಹಾರಿಸುವಾಗ ಏನು ಕಷ್ಟ ಎಂಬುದು ಮಾತ್ರ ತಲೆಗೆ ಹತ್ತಲಿಲ್ಲ. ನಾನು ನಾಲ್ಕು ಸಲ ವಿವರಿಸಿದೆ.

"ತಾತಾ, ಬಸ್. ದಿಮಾಗ್ ಫುಲ್ ಆಯ್ತು."

ಪ್ರದರ್ಶನದ ಬೆಳಿಗ್ಗೆ ಇ-ರಿಕ್ಷಾ ಕರೆಸಿದೆ. ಚಾಲಕ ವಿಮಾನವನ್ನು ನೋಡಿ, "ಅಂಕಲ್ ಜೀ, ಇಸ್‌ಕಾ ಭೀ ಟಿಕೆಟ್ ಲಗೇಗಾ" ಎಂದು ಅದಕ್ಕೂ ಟಿಕೆಟ್ ಕೇಳಿದ. ಒಳಗೆ ಹಿಡಿಸದ್ದರಿಂದ ಮಾಡಿನ ಮೇಲೆ ಏರಿಸಿದೆವು. ಹಗ್ಗ ಥರ್ಮಾಕೋಲನ್ನು ಕೊಯ್ಯುತ್ತದೆಂದು ಹೆಂಡತಿಯ ಹಳೆಯ ವಾಯಿಲ್ ಸೀರೆಯನ್ನು ಸೀಳಿ ಕಟ್ಟಿದೆ. ಮೂಗು ಮುಂದಕ್ಕೆ, ರೆಕ್ಕೆ ಸಮತಟ್ಟು, ಭಾರದ ಕೇಂದ್ರ ಇರಬೇಕಾದಲ್ಲೇ. ಎಲ್ಲವೂ ನಿಯಮದಂತೆ.

"ನೀನು ಹಿಂದಿನ ಸೀಟಿಗೆ ಬಾ. ಗಾಡಿಯ ತೂಕ ಸರಿಹೋಗುತ್ತೆ" ಎಂದೆ ಹೆಂಡತಿಗೆ.

"ಓಹೋ, ಈಗ ನಾನೂ ಲಗೇಜಾ?"

ಮಾರುಕಟ್ಟೆ ದಾಟುವವರೆಗೆ ಸುಖಪ್ರಯಾಣ. ತಿರುವಿನಲ್ಲಿ ಯಮುನೆಯ ಕಡೆಯಿಂದ ಆಂಧಿ, ಇಲ್ಲಿನ ಧೂಳಿನ ಬಿರುಗಾಳಿ, ಎದ್ದಿತು. ಕಣ್ಣು, ಬಾಯಿ ಎಲ್ಲ ಧೂಳು. ಗಾಳಿ ಪಕ್ಕದಿಂದ ಆ ಹೊಟ್ಟೆಗೆ ಬಡಿದದ್ದೇ ತಡ, ವಿಮಾನ ಮೂಗು ತಿರುಗಿಸಿತು. ಒಂದು ಗಂಟು ಬಿಚ್ಚಿಕೊಂಡಿತು. ರೆಕ್ಕೆಗಳು ಎದ್ದವು. ನನ್ನ ಇಡೀ ಸೇವೆಯಲ್ಲಿ ನಾನು ಕಟ್ಟಿದ ಯಾವ ಸರಕೂ ತಾನಾಗಿ ಹಾರಲು ಹೊರಟದ್ದಿಲ್ಲ.

"ಬಾಲ ಹಿಡ್ಕೋ!" ಎಂದು ಕೂಗಿದೆ.

ಹೆಂಡತಿ ಅರ್ಧ ಹೊರಗೆ ಬಾಗಿ ಎರಡೂ ಕೈಯಲ್ಲಿ ಬಾಲ ಹಿಡಿದಳು. ಸಡಿಲವಾದ ಸೀರೆಯ ತುಂಡು ಚಾಲಕನ ಮುಖಕ್ಕೆ ಸುತ್ತಿಕೊಂಡಿತು. ಆತ "ಬ್ರೇಕ್ ಲಗಾಊಂ ಕ್ಯಾ?" ಎಂದು ಸೀರೆಯೊಳಗಿನಿಂದಲೇ ಬ್ರೇಕ್ ಹಾಕಲು ಅಪ್ಪಣೆ ಕೇಳಿದ. ಮೊಮ್ಮಗಳು ಎದ್ದು ಮೂಗು ಹಿಡಿಯಲು ಹೋಗಿ, "ತಾತಾ, ಸೀದಾ ಇರೋದೇ ಇಲ್ಲ ಇದು! ನಾನು ಲೆಫ್ಟಿಗೆ ಎಳೆದ್ರೆ ಅದು ರೈಟಿಗೆ!" ಎಂದು ಕಿರುಚಿದಳು. ರಿಕ್ಷಾ ಪಕೋಡಾ ಗಾಡಿಯ ಪಕ್ಕ ನಿಂತಿತು. ಪಕೋಡಾ ಭಯ್ಯಾ ಚಪ್ಪಾಳೆ ತಟ್ಟಿದ.

"ಹಿಂದುಮುಂದಾಗಿ ಕಟ್ಟಿದ್ರೆ ಏನಾಗ್ತಿತ್ತು?" ಹೆಂಡತಿ ಧೂಳು ಉಗುಳುತ್ತಾ ಕೇಳಿದಳು.

"ವಿಮಾನ ಹಿಮ್ಮುಖವಾಗಿ ಹೋಗಲ್ಲ."

"ರಿಕ್ಷಾ ಮೇಲೂ ಹೋಗಲ್ಲ."

ಉಳಿದ ದಾರಿಯನ್ನು ನಡೆದೇ ಮುಗಿಸಿದೆವು. ವಿಮಾನ ನಮ್ಮ ಮೂವರ ತಲೆಯ ಮೇಲಿತ್ತು.

ಶಾಲೆಯಲ್ಲಿ ನಾವಿಬ್ಬರೂ ಗೋಡೆಗೆ ಒರಗಿ ನಿಂತೆವು. ಶಿಕ್ಷಕಿ ಹುಟ್ಟಿನ ಕಥೆ ಕೇಳಲೇ ಇಲ್ಲ. ಇಷ್ಟು ದಪ್ಪದ್ದನ್ನು ಹಾರಿಸಲು ಏನು ತೊಂದರೆ, ಎಂದರು. ನಾನು ನಾಲ್ಕು ಸಲ ವಿವರಿಸಿ ಸೋತದ್ದು ಅದನ್ನೇ.

ಮೊಮ್ಮಗಳು ಹಿಂದಿಯಲ್ಲಿ ಪಟಪಟನೆ ಶುರುಮಾಡಿದಳು. ನೇರ ಗಾಳಿಗೆ ಚಿಂತೆಯಿಲ್ಲವಂತೆ. ಪಕ್ಕದ ಗಾಳಿಗೆ ಹೊಟ್ಟೆ ದೋಣಿಯ ಹಾಯಿಯಾಗುತ್ತದಂತೆ. ಮುಂದೆ ಹೊಟ್ಟೆ ಬೆಳೆದಷ್ಟೂ ಹಿಂದೆ ಬಾಲ ದೊಡ್ಡದಾಗಬೇಕಂತೆ, ಇಲ್ಲದಿದ್ದರೆ ಮೂಗು ಎಲ್ಲಿಗೆ ಬೇಕಾದರೂ ತಿರುಗೀತಂತೆ. ಎಲ್ಲವನ್ನೂ ಎರಡು ಕೈ ಬೀಸಿ ಅಭಿನಯಿಸಿದಳು.

"ನಿನ್ನ ವಿಮಾನದ ಬಾಲ ಚಿಕ್ಕದಿದೆಯಲ್ಲ?" ಎಂದರು ಶಿಕ್ಷಕಿ.

"ಹೌದು ಮೇಡಂ. ಅದಕ್ಕೇ ಅಜ್ಜಿಯನ್ನು ಹಾಕಿಕೊಂಡಿದ್ದೆವು."

ಆಯ್ಕೆಯಾಯಿತು. ಅಂತರಶಾಲಾ ಪ್ರದರ್ಶನಕ್ಕೆ ಒಯ್ಯಲು ಮುಚ್ಚಿದ ಟೆಂಪೋ ಹೇಳಿದ್ದೇನೆ. ವಿಮಾನ ಅದರ ಬಾಗಿಲಲ್ಲಿ ಹೋಗುತ್ತದೋ ಇಲ್ಲವೋ, ನಾಳೆ ಅಳತೆಪಟ್ಟಿ ಹಿಡಿದು ನೋಡಿಬರಬೇಕು.