ಗುಳ್ಳೆ ಇಲ್ಲದ ಹೆರಿಗೆ, ಗುಳ್ಳೆ ಇದ್ದ ಹೆರಿಗೆ

ಮದುವೆಯಾಗಿ ಏಳು ತಿಂಗಳಿಗೆ ನನಗೆ ಕೂರಲು ಆಗದಂತಾಯಿತು. ಕೂರುವುದೇ ನನ್ನ ಕೆಲಸವಾಗಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಮಹಡಿಯ ಮೇಲೆ ಹನ್ನೆರಡು ಯಂತ್ರಗಳ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು, ಅಲ್ಲಿ ನಾನು ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದೆ. ಆ ವಾರ ಮಾತ್ರ ನಿಂತೇ ಪಾಠ ಮಾಡಿದೆ. ಮೈಯಲ್ಲಿ ಜ್ವರ, ತೊಡೆಸಂದಿಯಲ್ಲಿ ಗಂಟು, ಯಾರಿಗೂ ತೋರಿಸಲಾಗದ ಜಾಗದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು. ಮೂತ್ರಕ್ಕೆ ಹೋದರೆ ಒಣಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ.

ಮನೆಯಲ್ಲಿ ಇದ್ದದ್ದು ನಾನು, ನನ್ನ ಗಂಡ, ನಮ್ಮತ್ತೆ, ಮೂರೇ ಜನ. ಗಂಡನದು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಅತ್ತೆ ನನ್ನ ನಡಿಗೆ ನೋಡಿಯೇ ರೋಗ ಕಂಡುಹಿಡಿದರು.

"ಉಷ್ಣ ಕಣವ್ವ. ಆ ಮಿಷನ್ ಮುಂದೆ ಅಷ್ಟೊತ್ತು ಕುಂತ್ರೆ ಇನ್ನೇನಾದದು?"

ನೆತ್ತಿಗೆ ಹರಳೆಣ್ಣೆ, ಹೊಟ್ಟೆಗೆ ಕಾಮಕಸ್ತೂರಿ ಬೀಜ ನೆನೆಸಿದ ನೀರು, ಮಧ್ಯಾಹ್ನ ಮಜ್ಜಿಗೆ. ಮೂರು ದಿನ ಎಲ್ಲವನ್ನೂ ಮಾಡಿದೆ. ನೆತ್ತಿ ತಂಪಾಯಿತು, ಉಳಿದದ್ದೆಲ್ಲ ಹಾಗೆಯೇ ಇತ್ತು. ನಾಲ್ಕನೆಯ ದಿನ ಇನ್‌ಸ್ಟಿಟ್ಯೂಟಿಗೆ ಎಂದು ಹೊರಟವಳು ದಾರಿ ಬದಲಿಸಿ ಲೇಡಿ ಡಾಕ್ಟರ ನರ್ಸಿಂಗ್ ಹೋಮಿಗೆ ಹೋದೆ.

ಡಾಕ್ಟರು ಐವತ್ತು ದಾಟಿದವರು, ಮಾತು ಕಡಿಮೆ. ನೋಡಿ, ಕೈ ತೊಳೆದುಕೊಂಡು ಬಂದು, "ಹರ್ಪಿಸ್" ಎಂದರು.

"ಸರ್ಪಸುತ್ತಾ ಮೇಡಂ?"

"ಅದರ ದಾಯಾದಿ ಅಂತ ಇಟ್ಕೊಳ್ಳಿ. ಇದು ಗಂಡ ಹೆಂಡತಿ ನಡುವೆ ಒಬ್ಬರಿಂದ ಒಬ್ಬರಿಗೆ ಬರೋದು. ಒಂದು ಸಲ ಬಂದ ವೈರಸ್ ಒಳಗೇ ಇರುತ್ತೆ. ಆಗಾಗ ಗುಳ್ಳೆ ಬರುತ್ತೆ, ಹೋಗುತ್ತೆ. ಮುಂದೆ ಇಷ್ಟು ಜೋರಾಗಿ ಬರೋದಿಲ್ಲ." ನನ್ನ ಮುಖ ನೋಡಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಅಳಬೇಡಿ. ಇದು ಪಾಪ ಅಲ್ಲಮ್ಮ, ವೈರಸ್. ಯಜಮಾನರನ್ನು ಕರ್ಕೊಂಡು ಬನ್ನಿ."

ಯಜಮಾನರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗುವ ಮೊದಲು ಹೊಳೆಯ ಹತ್ತಿರ ಕರೆದುಕೊಂಡು ಹೋದೆ. ಮನೆಯಲ್ಲಿ ಅತ್ತೆಯ ಕಿವಿ ಬಹಳ ಚುರುಕು. ಕಪಿಲೆಯ ಮೆಟ್ಟಿಲುಗಳ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಗಂಡ ಕೂತರು, ನಾನು ನಿಂತೇ ಇದ್ದೆ. ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ.

ಅವರು ನೀರನ್ನೇ ನೋಡುತ್ತಾ, "ನಂಗೂ ಹಿಂಗೇ ಆಗಿತ್ತು ಕಣೇ, ಮದ್ವೆಗೆ ಮುಂಚೆ. ಉಷ್ಣ ಅಂತ ಸುಮ್ನಾದೆ" ಎಂದರು.

"ಆ ಉಷ್ಣ ಎಲ್ಲಿಂದ ಬಂತ್ರೀ ನಿಮ್ಗೆ?"

"ಮೈಸೂರಲ್ಲಿ ಕೆಲ್ಸ ಕಲೀತಿದ್ದಾಗ ಒಬ್ಳು ಇದ್ಲು. ಮದ್ವೆ ಆಗ್ಬೇಕು ಅಂತ್ಲೇ ಇದ್ವಿ. ಅವರ ಮನೇಲಿ ಒಪ್ಲಿಲ್ಲ."

ಎಂಟು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ಗುಳ್ಳೆಗಿಂತ ಹೆಚ್ಚು ಉರಿದದ್ದು ಆ ಹುಡುಗಿಯ ವಿಚಾರ. ಆದರೆ ಮಾತ್ರೆ ಬೇಕಿತ್ತು, ಮಾತ್ರೆ ತರಲು ಅವರೇ ಬೇಕಿತ್ತು. ಊರಿನ ಮೆಡಿಕಲ್ ಸ್ಟೋರಿನವನು ಅವರ ಜೊತೆ ಓದಿದವನು, ಚೀಟಿ ಓದಿ ಸಂಜೆಯೊಳಗೆ ಊರಿಗೆಲ್ಲ ಹೇಳುವ ಪೈಕಿ. ಹಾಗಾಗಿ ಗಂಡ ಅಂಗಡಿಗೆ ಬೀಗ ಹಾಕಿ ರೈಲಿನಲ್ಲಿ ಮೈಸೂರಿಗೆ ಹೋಗಿ ತಂದರು. ದಿನಕ್ಕೆ ಐದು ಮಾತ್ರೆ. ಅತ್ತೆ ಕಂಡುಹಿಡಿದಾರೆಂದು ಅವನ್ನು ಹಲ್ಲುಪುಡಿಯ ಖಾಲಿ ಡಬ್ಬಿಯಲ್ಲಿ ಇಟ್ಟೆ. ಒಂಬತ್ತನೆಯ ದಿನ ಗಂಡ ಹಲ್ಲುಪುಡಿಯೆಂದು ಅದನ್ನೇ ತೆಗೆದು ಅಂಗೈಗೆ ಬಡಿದರು. ಎರಡು ಮಾತ್ರೆ ಬಿದ್ದವು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೀಗೆ ಮಾತು ಶುರುವಾಯಿತು.

ಮಾರನೆಯ ವರ್ಷ ಬಸುರಿಯಾದೆ. ಖುಷಿಯ ಜೊತೆಗೆ ಹೆದರಿಕೆಯೂ ಬಂತು. ಹೊಟ್ಟೆಯೊಳಗಿನ ಮಗುವಿಗೆ ಕಣ್ಣು ಹೋಗುತ್ತದೆ, ಕಿವಿ ಹೋಗುತ್ತದೆ ಎಂದು ನಾನೇ ಒಂದೊಂದು ಕಲ್ಪಿಸಿಕೊಂಡು ಡಾಕ್ಟರ ಮುಂದೆ ಕೂತೆ. ಈ ಸಲ ಗಂಡನೂ ಪಕ್ಕದಲ್ಲಿದ್ದರು.

ಡಾಕ್ಟರು ಬೆರಳು ಮಡಚಿಕೊಂಡು ಹೇಳಿದರು. "ನಿಮಗೆ ಮೊದಲೇ ಬಂದಿರೋದ್ರಿಂದ ನಿಮ್ಮ ಮೈ ಅದಕ್ಕೆ ತಯಾರಾಗಿದೆ, ಮಗೂಗೂ ಆ ರಕ್ಷಣೆ ಸ್ವಲ್ಪ ಸಿಗುತ್ತೆ. ಹೊಸದಾಗಿ ಏಳೆಂಟನೇ ತಿಂಗಳಲ್ಲಿ ಬರೋರಿಗೇ ಜಾಸ್ತಿ ಅಪಾಯ. ಕೊನೇ ತಿಂಗಳು ಮಾತ್ರೆ ಕೊಡ್ತೀನಿ. ನೋವು ಶುರುವಾದಾಗ ಗುಳ್ಳೆ ಇಲ್ಲ, ಉರಿ ಇಲ್ಲ ಅಂದ್ರೆ ಮಾಮೂಲು ಹೆರಿಗೆ. ಇದ್ರೆ ಆಪರೇಷನ್, ಯಾಕಂದ್ರೆ ಮಗು ಹೊರಗೆ ಬರೋ ದಾರೀಲೇ ಅದಕ್ಕೆ ತಗಲೋದು."

"ನಾನೇನ್ ಮಾಡ್ಲಿ ಮೇಡಂ?" ಎಂದರು ಗಂಡ.

"ಅವರಿಗೆ ಟೆನ್ಷನ್ ಕೊಡಬೇಡಿ. ನಿಮಗೆ ಗುಳ್ಳೆ ಬಂದಾಗ ದೂರ ಇರಿ."

ಮೊದಲ ಹೆರಿಗೆ ತವರಿನಲ್ಲಿ. ನನ್ನ ತವರು ತಿರುಮಕೂಡಲು ನರಸೀಪುರ. ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊರಟೆ. ಅಲ್ಲಿನ ಡಾಕ್ಟರಿಗೆ ಕೊಡಲು ಇಲ್ಲಿನ ಡಾಕ್ಟರು ಬರೆದ ಪತ್ರ ಬ್ಯಾಗಿನಲ್ಲಿತ್ತು. ಲಕೋಟೆಗೆ ಗೋಂದು ಹಚ್ಚಿ, ಅದರ ಮೇಲೆ ನಾನೇ ಸೆಲೋಟೇಪನ್ನೂ ಅಂಟಿಸಿದ್ದೆ.

ಅಮ್ಮನಿಗೆ ಏನೂ ಹೇಳಲಿಲ್ಲ. ಅಮ್ಮನಿಗೆ ಹೇಳಿದರೆ ಮೊದಲು ಅಳು, ಆಮೇಲೆ ಅಳಿಯನ ಮೇಲೆ ಸಿಟ್ಟು, ಅದು ತಣಿಯಲು ಒಂದು ವರ್ಷ ಬೇಕು ಎಂದು ನನಗೆ ಗೊತ್ತಿತ್ತು. ದಿನಕ್ಕೆ ಮೂರು ಸಲ ಮಾತ್ರೆ ನುಂಗುವುದನ್ನು ನೋಡಿ, "ಅದೇನ್ ಮಗ, ಮಾತ್ರೇಲೇ ಒಟ್ಟೆ ತುಂಬುಸ್ಕತೀಯ?" ಎಂದು ಕೇಳಿದಳು.

"ರಕ್ತಕ್ಕೆ ಕಣಮ್ಮ."

"ರಕ್ತಕ್ಕೆ ಸೊಪ್ಪು ತಿನ್ನು" ಎಂದು ದಂಟಿನ ಸೊಪ್ಪಿನ ಸಾರು ಬಡಿಸಿದಳು.

ಆ ತಿಂಗಳು ನಾನು ಬಚ್ಚಲಿಗೆ ಪ್ರತಿ ಸಲವೂ ಕೈಗನ್ನಡಿ ಹಿಡಿದುಕೊಂಡು ಹೋಗುತ್ತಿದ್ದೆ. ಬಗ್ಗಿದರೆ ಹೊಟ್ಟೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮಗಳಿಗೆ ಬಸುರಿನಲ್ಲಿ ಅಲಂಕಾರದ ಹುಚ್ಚು ಹಿಡಿದಿದೆ ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಿಕೊಂಡು ನಕ್ಕಳು.

ಒಂದು ಬೆಳಿಗ್ಗೆ ಇಡ್ಲಿ ತಿನ್ನುತ್ತಿರುವಾಗ ನೋವು ಶುರುವಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಪತ್ರ ಓದಿ, ಏನೂ ಕೇಳದೆ, ಸಿಸ್ಟರಿಗೆ ಟಾರ್ಚ್ ತರಲು ಹೇಳಿದರು. ಇಂಚಿಂಚೂ ನೋಡಿದರು. ಸೂರಿನಲ್ಲಿ ತಿರುಗದೆ ನಿಂತಿದ್ದ ಫ್ಯಾನನ್ನೇ ನಾನು ನೋಡುತ್ತಿದ್ದೆ.

"ಚುರುಚುರು, ಉರಿ, ಏನಾದ್ರೂ ಇದೆಯಾ?"

"ಇಲ್ಲ ಡಾಕ್ಟ್ರೇ. ನೋವು ಒಂದೇ."

"ಅದು ಇರಲೇಬೇಕಲ್ಲಮ್ಮ" ಎಂದು ಟಾರ್ಚ್ ಆರಿಸಿದರು.

ಮಧ್ಯಾಹ್ನ ಎರಡಕ್ಕೆ ಮಗಳು ಹುಟ್ಟಿದಳು, ಕಪ್ಪು ಕೂದಲು, ಆಸ್ಪತ್ರೆಗೆಲ್ಲ ಕೇಳುವಂಥ ಗಂಟಲು. ಡಾಕ್ಟರು ಅವಳನ್ನು ತಲೆಯಿಂದ ಪಾದದವರೆಗೆ ನೋಡಿ ನನ್ನ ಕಿವಿಯ ಹತ್ತಿರ ಹೇಳಿದರು. "ಹಾಲು ಕುಡಿಸಿ, ಏನೂ ಆಗಲ್ಲ. ಕೈ ತೊಳೆದು ಮುಟ್ಟಿ. ಕೆಲವು ವಾರ ಜ್ವರ, ಗುಳ್ಳೆ, ಮಂಕು, ಹಾಲು ಬೇಡ ಅನ್ನೋದು, ಯಾವುದು ಕಂಡರೂ ಓಡಿ ಬನ್ನಿ. ಇನ್ನೊಂದು ಮಾತು. ತುಟಿ ಮೇಲೆ ಗುಳ್ಳೆ ಇರೋರು ಯಾರೂ ಮಗೂಗೆ ಮುತ್ತು ಕೊಡಬಾರದು. ಅದೂ ಇದೇ ಜಾತಿ."

ಆ ಮಾತಿನಿಂದಲೇ ರಗಳೆಯಾಯಿತು. ಹತ್ತನೆಯ ದಿನ ಅತ್ತೆ ಮಗನ ಜೊತೆ ಮೊಮ್ಮಗಳನ್ನು ನೋಡಲು ಬಂದರು, ಒಂದು ಚಿಪ್ಪು ರಸಬಾಳೆಹಣ್ಣು ಹಿಡಿದು. ನಡುಮನೆಗೆ ಕಾಲಿಟ್ಟವರೇ ಎರಡೂ ಕೈ ಚಾಚಿದರು. ಕೆಳತುಟಿಯ ಮೇಲೆ ನಾಲ್ಕು ಗುಳ್ಳೆಗಳ ಗೊಂಚಲು.

"ಅತ್ತೆ, ತುಟಿಗೆ ಏನಾಯ್ತು?"

"ಎರಡ್ ದಿನ ಜ್ವರ ಬಂದಿತ್ತು, ಜ್ವರದ ಗುಳ್ಳೆ. ಕೊಡು ಕೂಸ್ನ."

ನಾನು ಮಗುವನ್ನು ಎದೆಗವಚಿಕೊಂಡು ಹಿಂದಕ್ಕೆ ಸರಿದೆ. "ಮುತ್ತು ಕೊಡ್ಬೇಡಿ ಅತ್ತೆ. ಈಗ ಮುಟ್ಲೂ ಬೇಡಿ. ಅದು ವಾಸಿಯಾಗ್ಲಿ."

ಅತ್ತೆಯ ಕೈ ಹಾಗೆಯೇ ನಿಂತಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದು, "ಎಂಥಾ ಮಾತಾಡ್ತೀಯ ನೀನು?" ಎಂದು ನನ್ನನ್ನೇ ಗದರಿದಳು. ಅತ್ತೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಕಾಫಿ ಕೊಟ್ಟರೆ ಬೇಡವೆಂದರು.

ಆಗ ನನ್ನ ಗಂಡ ಹೋಗಿ ಅವರ ಪಕ್ಕದಲ್ಲಿ ಕೂತರು. ಕಿಟಕಿಯ ಹತ್ತಿರವೇ ನನ್ನ ಮಂಚ ಇದ್ದದ್ದರಿಂದ ಎಲ್ಲವೂ ಕೇಳಿಸಿತು. ಮೈಸೂರಿನ ಹುಡುಗಿ, ನನ್ನ ಗುಳ್ಳೆ, ರೈಲಿನಲ್ಲಿ ತಂದ ಮಾತ್ರೆ, ಡಾಕ್ಟರ ಮಾತು, ಒಂದನ್ನೂ ಬಿಡದೆ ಹೇಳಿದರು. "ಅವಳ್ದೇನೂ ತಪ್ಪಿಲ್ಲವ್ವ. ನಾನು ತಂದಿದ್ದು" ಎಂದರು. ಹೊಳೆಯ ಹತ್ತಿರ ಹೇಳದಿದ್ದ ಮಾತು ಅದು. ಕೇಳಿ ನನ್ನ ಕಣ್ಣು ತುಂಬಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೂ ಎಲ್ಲ ಕೇಳಿಸಿತ್ತು.

ಆಮೇಲೆ ಅತ್ತೆ ಒಳಗೆ ಬಂದು, ಮಂಚದಿಂದ ಮಾರು ದೂರದಲ್ಲಿ ನೆಲದ ಮೇಲೆ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು.

"ಕೆಳಗೆ ಬರೋದ್ಕೂ ಔಸ್ದಿ ಅದಾ ಈಗ?" ಎಂದು ಮೆಲ್ಲಗೆ ಕೇಳಿದರು.

"ಇದೆ ಅತ್ತೆ. ಯಾಕೆ?"

"ನಂಗೂ ಬತ್ತಿತ್ತು ಕಣವ್ವ. ಇವ್ನ್ ಹುಟ್ಟೋಕ್ ಮುಂಚಿಂದ್ಲೂ. ಉಷ್ಣ ಅಂತ ಎಣ್ಣೆ ಅಚ್ಕಂಡು ಅಚ್ಕಂಡು ವಯಸ್ಸೇ ಮುಗೀತು. ಯಾರ್ಗ್ ಏಳಾನೆ?"

ಅವರದ್ದೂ ಇದೇ ರೋಗವೋ ಅಲ್ಲವೋ ಯಾರಿಗೆ ಗೊತ್ತು. ಯಾವ ಡಾಕ್ಟರೂ ಅವರನ್ನು ನೋಡಿರಲಿಲ್ಲ. ಆದರೆ ನಾನು ಎಂದುಕೊಂಡಂತೆ ಅಮ್ಮ ಅಳಲಿಲ್ಲ. ಆರಿಹೋಗಿದ್ದ ಕಾಫಿಯನ್ನು ಮತ್ತೆ ಬಿಸಿ ಮಾಡಿ ತಂದು, ಬೀಗಿತ್ತಿಯ ಪಕ್ಕದಲ್ಲಿ ಕೂತು ಕೊಟ್ಟಳು. ಅಳಿಯನ ಜೊತೆ ಮಾತ್ರ ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ನಾನು ಒಂದು ವರ್ಷ ಎಂದುಕೊಂಡಿದ್ದೆ.

ನಾಲ್ಕು ವರ್ಷದ ಮೇಲೆ ಎರಡನೆಯ ಬಸುರು. ಈಗ ನಾನು ಅನುಭವಸ್ಥೆ. ಹೆರಿಗೆ ನಂಜನಗೂಡಿನಲ್ಲೇ ಎಂದು ತೀರ್ಮಾನವಾಗಿತ್ತು. ಕೊನೆಯ ತಿಂಗಳ ಮಾತ್ರೆಯ ಹೊತ್ತನ್ನು ನನಗಿಂತ ಚೆನ್ನಾಗಿ ಅತ್ತೆಯೇ ನೆನಪಿಡುತ್ತಿದ್ದರು. ಹಲ್ಲುಪುಡಿ ಡಬ್ಬಿಯ ಅವಶ್ಯಕತೆ ಇರಲಿಲ್ಲ, ಮಾತ್ರೆಗಳು ಟಿವಿಯ ಮೇಲೆ ರಾಜಾರೋಷವಾಗಿ ಇರುತ್ತಿದ್ದವು.

ಇಷ್ಟಾದರೂ ನೋವು ಬಂದ ದಿನ ಬೆಳಿಗ್ಗೆ ಎದ್ದಾಗ ಅದೇ ಜಾಗದಲ್ಲಿ ಚುರುಚುರು. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಆದರೆ ಆ ಚುರುಚುರು ನನಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿದ್ದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆಪರೇಷನ್ ಎಂದರೆ ನನಗೆ ಪ್ರಾಣಭಯ, ಮೊದಲನೆಯದು ಸಲೀಸಾಗಿ ಆಗಿತ್ತು, ಕಾಣದ ಗುಳ್ಳೆಯನ್ನು ನಾನು ಹೇಳದಿದ್ದರೆ ಯಾರಿಗೆ ತಿಳಿಯುತ್ತದೆ? ನರ್ಸಿಂಗ್ ಹೋಮಿನ ಬಾಗಿಲವರೆಗೂ ಹೀಗೇ ಲೆಕ್ಕ ಹಾಕಿದೆ. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಿದ್ದಂತೆ ಬಾಯಿ ತಾನಾಗಿ ತೆರೆಯಿತು.

"ಮೇಡಂ, ಬೆಳಿಗ್ಗೆಯಿಂದ ಚುರುಚುರು ಅಂತಿದೆ."

ಅವರು ಬಗ್ಗಿ ನೋಡಿದರು. "ಒಂದು ಸಣ್ಣದು ಏಳ್ತಾ ಇದೆ. ಹೇಳಿದ್ದು ಒಳ್ಳೇದಾಯ್ತು, ಗರ್ಭದ ನೀರು ಇನ್ನೂ ಹೋಗಿಲ್ಲ. ಆಪರೇಷನ್ನೇ ಮಾಡೋಣ."

ಹನ್ನೊಂದು ಗಂಟೆಗೆ ಮಗ ಹುಟ್ಟಿದ. ಬೆನ್ನಿಗೆ ಸೂಜಿ ಹಾಕಿದ್ದರಿಂದ ಎಚ್ಚರವಾಗಿಯೇ ಇದ್ದೆ. ಹೆದರಿದಷ್ಟು ಏನೂ ಇರಲಿಲ್ಲ. ಮಕ್ಕಳ ಡಾಕ್ಟರು ಅವನ ಕಣ್ಣು, ಬಾಯಿಯಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ಮೈಸೂರಿಗೆ ಪರೀಕ್ಷೆಗೆ ಕಳಿಸಿದರು, ದಿನಕ್ಕೆ ಎರಡು ಸಲ ಬಂದು ನೋಡಿದರು. ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ನರ್ಸಿಂಗ್ ಹೋಮಿನ ಪಕ್ಕದ ಮಂಚದ ಹೆಂಗಸು ಮಾತ್ರ ಬಿಡಲಿಲ್ಲ. "ಮೊದಲ್ನೇದು ಮಾಮೂಲಾಗಿ ಆಗಿದ್ದು, ಇದ್ಯಾಕೆ ಕುಯ್ಸುದ್ರಿ?"

ನಾನು ಏನು ಹೇಳಲಿ ಎಂದು ಯೋಚಿಸುವುದರೊಳಗೆ ಅತ್ತೆ ಮೆಂತ್ಯದ ಗಂಜಿಯ ಲೋಟ ಕೆಳಗಿಟ್ಟು, "ಗುಳ್ಳೆ ಇತ್ತು, ಕೂಸಿಗೆ ಅಂಟ್ಕಬಾರ್ದು ಅಂತ ಕುಯ್ಸುದ್ವಿ. ನಿಮ್ಗೂ ಉಷ್ಣದ್ ಗುಳ್ಳೆ ಬತ್ತದಾ? ಬಂದ್ರೆ ಎಣ್ಣೆ ಅಚ್ಕಂಡ್ ಕೂರ್ಬೇಡಿ, ಡಾಕ್ಟ್ರಮ್ಮನ್ಗ್ ತೋರ್ಸಿ" ಎಂದರು, ಇಡೀ ಕೋಣೆಗೆ ಕೇಳುವ ಹಾಗೆ.

ನಾನು ನಾಚಿಕೆಯಿಂದ ಮುಸುಕೆಳೆದುಕೊಂಡೆ. ಮುಸುಕಿನೊಳಗೆ ನಗಲು ಹೋಗಿ ಹೊಲಿಗೆ ಎಳೆದು, ಅಯ್ಯೋ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದ ಹೆಂಗಸು ಅತ್ತೆಯನ್ನು ಹತ್ತಿರ ಕರೆದು ಪಿಸಪಿಸನೆ ಏನೋ ಕೇಳಿದಳು. ಅತ್ತೆ ಗಂಭೀರವಾಗಿ ತಲೆ ಆಡಿಸುತ್ತಾ, ಅವಳ ಮಂಚದ ತುದಿಯಲ್ಲಿ ಕೂತೇ ಬಿಟ್ಟರು.